ಆರಾಧನೆಯ ಹಾಡೂ ಬೇಕು, ಮನೆಯೂ ಬೇಕು: ಸಂಗೀತ ಸೇವೆಯಲ್ಲಿರುವ ಅಪ್ಪಂದಿರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮಗನಿಗೆ ಆಗ ಮೂರು ವರ್ಷ. ಗಿಟಾರ್ ಬ್ಯಾಗಿನ ಜಿಪ್ ಎಳೆಯುವ ಸದ್ದು ಕೇಳಿದರೆ ಸಾಕು, ಆಟದ ಸಾಮಾನು ಅಲ್ಲೇ ಬಿಟ್ಟು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದ. ಅಳುತ್ತಿರಲಿಲ್ಲ. ಕೈ ಎತ್ತಿ ಟಾಟಾ ಮಾಡುತ್ತಿದ್ದ. ಒಂದು ದಿನ ಹೊಸ ತಂತಿ ಹಾಕೋಣ ಅಂತ ಸುಮ್ನೆ ಬ್ಯಾಗ್ ತೆಗೆದೆ. ಹೊರಗೆ ಹೋಗುವ ಯೋಚನೆಯೇ ಇರಲಿಲ್ಲ. ಆದರೂ ಅವನು ಬಾಗಿಲ ಬಳಿ ನಿಂತು ಕೈ ಬೀಸಿದ. ದೇವರನ್ನು ಸ್ತುತಿಸಲು ನಾನು ಇಟ್ಟುಕೊಂಡಿದ್ದ ವಾದ್ಯ ಅವನ ಪಾಲಿಗೆ 'ಅಪ್ಪ ಹೊರಟ' ಅನ್ನುವ ಗಂಟೆಯಾಗಿತ್ತು.

ಚರ್ಚಿನ (ನಾವು ಸಭೆ ಅನ್ನುತ್ತೇವೆ) ಕ್ವಾಯರಿನಲ್ಲಿ ಹಾಡುವ, ಕೀಬೋರ್ಡ್ ನುಡಿಸುವ, ಡ್ರಮ್ಸ್ ಬಾರಿಸುವ, ಮಿಕ್ಸರ್ ಹಿಂದೆ ಕೂರುವ ಅಪ್ಪಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೇವೆ ಬಿಡಿ ಅಂತ ಹೇಳುವುದಕ್ಕಲ್ಲ. ಸೇವೆಗೆ ಸರದಿ ಇರಲಿ, ಹಾಡು ಮನೆಯಲ್ಲೂ ಇರಲಿ. ನಾನು ಕಲಿತದ್ದು ಇಷ್ಟೇ, ಆದರೆ ಅದನ್ನು ನಡೆಸಿಕೊಂಡು ಬರಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು.

1. ನಾಲ್ಕು ವಾರ ಗಂಟೆ ಎಣಿಸಿ

ಒಂದು ನೋಟ್‌ಬುಕ್ ಇಟ್ಟುಕೊಂಡು, ಸಂಗೀತಕ್ಕೆ ಹೋದ ಸಮಯವನ್ನು ನಾಲ್ಕು ವಾರ ಬರೆಯಿರಿ. ಪ್ರಾಕ್ಟೀಸ್ ಮತ್ತು ಭಾನುವಾರ ಮಾತ್ರ ಬರೆದರೆ ಸಾಲದು. ಹಾಡು ಆರಿಸುವುದು, ಕಾರ್ಡ್ಸ್ (chords, ಹಾಡಿನ ಜೊತೆ ನುಡಿಸುವ ಸ್ವರಗುಚ್ಛ) ಬರೆಯುವುದು, ಸ್ಕೇಲ್ ಬದಲಿಸುವುದು, ಕೇಬಲ್ ಸುತ್ತಿಡುವುದು, ಗ್ರೂಪಿನ ಮೆಸೇಜಿಗೆ ಉತ್ತರ ಕೊಡುವುದು, ಎಲ್ಲವೂ ಲೆಕ್ಕಕ್ಕೆ ಬರಬೇಕು.

ಯಾರಾದರೂ ಕೇಳಿದರೆ ವಾರಕ್ಕೆ ಐದಾರು ಗಂಟೆ ಅನ್ನುತ್ತಿದ್ದೆ. ಬರೆದು ನೋಡಿದೆ. ಓಡಾಟ ಸೇರಿ ಪ್ರಾಕ್ಟೀಸಿಗೆ ಎರಡೂವರೆ ಗಂಟೆ. ಭಾನುವಾರ ಐದೂವರೆ. ಹಾಡು ಆರಿಸಿ ಕಾರ್ಡ್ಸ್ ಸಿದ್ಧ ಮಾಡಲು ಒಂದೂವರೆ. ಮನೆಯಲ್ಲಿ ಅಭ್ಯಾಸ ಎರಡು. ಫೋನಿಗೆ ಒಂದೂವರೆ. ಒಟ್ಟು 13 ಗಂಟೆ. ವರ್ಷದ 52 ವಾರಕ್ಕೆ 676 ಗಂಟೆ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಆಮೇಲೆ ಇನ್ನೊಂದು ಕೆಲಸ ಮಾಡಿ. ಮಕ್ಕಳು ಮನೆಯಲ್ಲಿ ಎಚ್ಚರವಾಗಿದ್ದಾಗ ಹೋದ ಗಂಟೆಗಳಿಗೆ ಕೆಂಪು ಗೆರೆ ಎಳೆಯಿರಿ. ನನ್ನ 13ರಲ್ಲಿ 9 ಕೆಂಪಾಗಿದ್ದವು. ಬೆಳಗಿನ ಐದೂವರೆಗೆ ಎದ್ದು ಕಾರ್ಡ್ಸ್ ಬರೆದರೆ ಯಾರಿಗೂ ಏನೂ ಕೊರತೆ ಆಗುವುದಿಲ್ಲ. ರಾತ್ರಿ ಎಂಟಕ್ಕೆ, ಮಗು ಕಥೆ ಕೇಳುವ ಹೊತ್ತಿಗೆ ಬರೆದರೆ ಕೊರತೆ ಆಗುತ್ತದೆ. ಹಾಗಾಗಿ ಒಟ್ಟು ಗಂಟೆ ಕಡಿಮೆ ಮಾಡುವುದಕ್ಕಿಂತ ಮೊದಲು ಕೆಂಪು ಗಂಟೆ ಕಡಿಮೆ ಮಾಡಿ.

2. ಹೆಂಡತಿಯ ಭಾನುವಾರ ಹೇಗಿರುತ್ತದೆ ಅಂತ ಕೇಳಿ

ಇದು ಎಲ್ಲಕ್ಕಿಂತ ಮುಖ್ಯ, ನಾನು ಎಲ್ಲಕ್ಕಿಂತ ತಡವಾಗಿ ಮಾಡಿದ್ದೂ ಇದೇ.

ನಾವು ವೇದಿಕೆ ಮೇಲೆ ಕಣ್ಣು ಮುಚ್ಚಿ ಹಾಡುತ್ತಿರುತ್ತೇವೆ. ಕೆಳಗೆ ನಮ್ಮ ಹೆಂಡತಿ ಒಂದು ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು, ಇನ್ನೊಂದನ್ನು ಬೆಂಚಿನ ಕೆಳಗಿಂದ ಎಳೆಯುತ್ತಿರುತ್ತಾಳೆ. ಮನೆಯಲ್ಲಿ ಎಲ್ಲರನ್ನೂ ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ಹಾಕಿಸಿ ಕರೆದುಕೊಂಡು ಬಂದವಳೂ ಅವಳೇ. ಸೌಂಡ್ ಚೆಕ್ ಇದೆ ಅಂತ ನಾವು ಎರಡು ಗಂಟೆ ಮೊದಲೇ ಹೊರಟಿರುತ್ತೇವಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಕೊನೆಯ ಸಲ ಪಾಸ್ಟರ್ ಪ್ರಸಂಗ ಪೂರ್ತಿ ಕೇಳಿದ್ದು ಯಾವಾಗ?" ಅವಳು ಯೋಚಿಸಿ, "ಚಿಕ್ಕವಳು ಹುಟ್ಟೋಕೆ ಮುಂಚೆ" ಅಂದಳು. ಚಿಕ್ಕವಳಿಗೆ ಆಗ ಹದಿನಾಲ್ಕು ತಿಂಗಳು. ಬೇರೆಯವರ ಹೆಂಡತಿ ಮಕ್ಕಳು ಚೆನ್ನಾಗಿ ಆರಾಧಿಸಲಿ ಅಂತ ಅಷ್ಟು ತಿಂಗಳು ಹಾಡಿದ್ದೆ. ನನ್ನ ಹೆಂಡತಿಗೆ ಆರಾಧಿಸಲು ಆಗುತ್ತಿದೆಯಾ ಅಂತ ನೋಡಿರಲೇ ಇಲ್ಲ.

ಈ ಮಾತುಕತೆಗೆ ಎರಡು ನಿಯಮ ಇಟ್ಟುಕೊಳ್ಳಿ. ಒಂದು, ದೇವರ ಹೆಸರನ್ನು ವಾದಕ್ಕೆ ಎಳೆಯಬೇಡಿ. "ಇದು ದೇವರ ಕೆಲಸ" ಅಂದ ಕೂಡಲೇ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಒಪ್ಪಿದ್ದರಿಂದ ಅಲ್ಲ, ದೇವರ ವಿರುದ್ಧ ಹೇಗೆ ಮಾತಾಡುವುದು ಅಂತ. ಎರಡು, ಪರಿಹಾರ ಹೇಳುವ ಮುಂಚೆ ಪೂರ್ತಿ ಕೇಳಿ. ಒಂದೇ ಸಲಕ್ಕೆ ಎಲ್ಲ ಮುಗಿಯಬೇಕು ಅಂತೇನಿಲ್ಲ. ನಮಗೆ ಮೂರು ಸಂಜೆ ಬೇಕಾಯಿತು.

ಆಮೇಲೆ ನಾವು ಬದಲಿಸಿದ್ದು ಇವು. ಕೊನೆಯ ಹಾಡು ಮುಗಿದ ಕೂಡಲೇ ನಾನು ವೇದಿಕೆಯ ಹಿಂದೆ ಟೀಮಿನ ಜೊತೆ ನಿಲ್ಲುವುದಿಲ್ಲ. ಕೆಳಗಿಳಿದು ಮಗುವನ್ನು ಎತ್ತಿಕೊಳ್ಳುತ್ತೇನೆ, ಪ್ರಸಂಗ ಮುಗಿಯುವವರೆಗೆ ಮಗು ನನ್ನದು. ಶನಿವಾರ ರಾತ್ರಿಯೇ ಮಕ್ಕಳ ಬಟ್ಟೆ, ಬ್ಯಾಗು ತೆಗೆದಿಡುವುದು ನನ್ನ ಕೆಲಸ. ಸಭೆ ಮುಗಿದ ಮೇಲೆ ಕೇಬಲ್ ಸುತ್ತುವುದಕ್ಕೆ ಮದುವೆಯಾಗದ ಹುಡುಗರು ಇದ್ದಾರೆ. ಕೇಳಿಕೊಂಡೆ, ಖುಷಿಯಿಂದಲೇ ಒಪ್ಪಿದರು.

3. ಸರದಿ ಕೇಳಿ

ಪ್ರತಿ ಭಾನುವಾರ ಒಬ್ಬನೇ ನಡೆಸಬೇಕು ಅಂತ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಇರುವುದು ಇದಕ್ಕೆ ತಿರುಗಾಮುರುಗಾ. 1 ಪೂರ್ವಕಾಲವೃತ್ತಾಂತ 25ನೇ ಅಧ್ಯಾಯ ತೆರೆಯಿರಿ. ದೇವಾಲಯದ ಸಂಗೀತಕ್ಕೆ ದಾವೀದನ ಕಾಲದಲ್ಲಿ 288 ಜನ ಪಳಗಿದ ಗಾಯಕರು. ಅವರನ್ನು 24 ವರ್ಗ ಮಾಡಿದರು, ಒಂದೊಂದರಲ್ಲಿ 12 ಜನ. ಗುರು ಶಿಷ್ಯ, ದೊಡ್ಡವರು ಚಿಕ್ಕವರು ಅನ್ನುವ ಭೇದ ಇಲ್ಲದೆ ಚೀಟು ಹಾಕಿ ಸರದಿ ಗೊತ್ತುಮಾಡಿದರು. ಅದೇ ಅಧ್ಯಾಯದಲ್ಲಿ, ಆ ಗಾಯಕರ ಮುಖಂಡರಲ್ಲಿ ಒಬ್ಬನಾದ ಹೇಮಾನನಿಗೆ 14 ಗಂಡುಮಕ್ಕಳು, 3 ಹೆಣ್ಣುಮಕ್ಕಳು ಇದ್ದರು ಅಂತಲೂ ಇದೆ, ಅವರೆಲ್ಲ ತಂದೆಯ ಕೈಕೆಳಗೆ ಹಾಡುತ್ತಿದ್ದರು ಅಂತಲೂ ಇದೆ. ಸರದಿಯೂ ಕುಟುಂಬವೂ ಒಂದೇ ಪುಟದಲ್ಲಿ ಇವೆ.

ಇನ್ನೊಂದು ಕಡೆ ವಿಮೋಚನಕಾಂಡ 18. ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಜನರ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋನ, ನೀನು ಮಾಡುವುದು ಸರಿಯಲ್ಲ, ದಣಿದು ಹೋಗುತ್ತೀಯ, ಕೆಲಸ ಹಂಚು ಅಂತ ಹೇಳಿದ್ದು ನಮಗೆಲ್ಲ ಗೊತ್ತು. ಅಧ್ಯಾಯದ ಶುರುವನ್ನು ಮಾತ್ರ ಬೇಗ ಓದಿ ಮುಂದೆ ಹೋಗುತ್ತೇವೆ. ಇತ್ರೋನ ಬಂದದ್ದು ಒಬ್ಬನೇ ಅಲ್ಲ. ಮೋಶೆಯ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬಂದಿದ್ದ. ಹೆಂಡತಿ ಮಕ್ಕಳನ್ನು ಅವನ ಹತ್ತಿರ ತಲುಪಿಸಿದವನೇ ಮರುದಿನ ಕೆಲಸ ಹಂಚು ಅಂದ.

ಈಗ ಪಾಸ್ಟರ್ ಜೊತೆ ಮಾತಾಡಿ. "ತುಂಬ ಕಷ್ಟ ಆಗ್ತಿದೆ" ಅಂತ ಮಾತ್ರ ಹೇಳಿದರೆ ಅವರು ಪ್ರಾರ್ಥನೆ ಮಾಡಿ ಕಳಿಸುತ್ತಾರೆ. ಕಾಗದದಲ್ಲಿ ಬರೆದುಕೊಂಡು ಹೋಗಿ. ತಿಂಗಳ ನಾಲ್ಕು ಭಾನುವಾರದಲ್ಲಿ ಎರಡು ನಾನು ನಡೆಸುತ್ತೇನೆ. ಒಂದರಲ್ಲಿ ಬೇರೆಯವರು ನಡೆಸಲಿ, ನಾನು ಗಿಟಾರ್ ಮಾತ್ರ ನುಡಿಸುತ್ತೇನೆ. ಒಂದು ಭಾನುವಾರ ಹೆಂಡತಿ ಮಕ್ಕಳ ಪಕ್ಕ ಕೂರುತ್ತೇನೆ. ಐದನೇ ಭಾನುವಾರ ಬಂದರೆ ಆ ದಿನ ಹೊಸಬರಿಗೆ ಅವಕಾಶ. ಮೂರು ತಿಂಗಳ ಪಟ್ಟಿ ಒಟ್ಟಿಗೆ ಮಾಡಿ ಟೀಮಿಗೆ ಕೊಟ್ಟರೆ ಕೊನೆ ಗಳಿಗೆಯ ಫೋನ್ ಕರೆಗಳು ಅರ್ಧಕ್ಕರ್ಧ ನಿಲ್ಲುತ್ತವೆ.

ಬೇರೆ ಯಾರೂ ಇಲ್ಲವಲ್ಲ ಅಂತ ಚಿಕ್ಕ ಸಭೆಯವರು ಕೇಳಬಹುದು. ಹಾಗಿದ್ದರೆ ತಿಂಗಳಿಗೆ ಒಂದು ಭಾನುವಾರ ವಾದ್ಯ ಇಲ್ಲದೆ ಹಾಡಿ. ಸಭೆಗೆ ಬಾಯಿಪಾಠ ಇರುವ ಹಳೆಯ ಹಾಡು ಮೂರು ಸಾಕು. ಯಾರಾದರೂ ಶ್ರುತಿ ಎತ್ತಿ ಶುರು ಮಾಡಿದರೆ ಜನ ಹಾಡುತ್ತಾರೆ. ನಾನು ಹೆದರುತ್ತಲೇ ಇದನ್ನು ಮಾಡಿ ನೋಡಿದೆ. ಸ್ಪೀಕರ್ ಇಲ್ಲದೆ ಇಡೀ ಸಭೆ ಹಾಡುವುದನ್ನು ಅಷ್ಟು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಕೇಳಿದೆ.

4. ವಾರದ ಕೆಲಸಕ್ಕೆ ಅಂಚು ಕಟ್ಟಿ

ಹಾಡಿನ ಪಟ್ಟಿ ಸೋಮವಾರ ರಾತ್ರಿಗೆ ಮುಗಿಯಬೇಕು. ಶುಕ್ರವಾರ ಹಾಡು ಬದಲಿಸುವ ಅಭ್ಯಾಸ ನಿಮಗಿದ್ದರೆ ಮೊದಲು ಅದನ್ನು ಬಿಡಿ. ಒಂದು ಹಾಡು ಬದಲಾದರೆ ಐದು ಮನೆಯ ಸಂಜೆ ಹಾಳಾಗುತ್ತದೆ. ಆರು ವಾರಕ್ಕೆ ಒಂದೇ ಹೊಸ ಹಾಡು ಸಾಕು. ಜನರಿಗೂ ಕಲಿಯಲು ಸಮಯ ಬೇಕು ಅಲ್ವಾ?

ಪ್ರಾಕ್ಟೀಸ್ ಅಂದರೆ ಹಾಡು ಕಲಿಯುವ ಜಾಗ ಅಲ್ಲ. ಎಲ್ಲರೂ ಮನೆಯಲ್ಲೇ ಕಲಿತು ಬಂದು ಅಲ್ಲಿ ಸೇರಿಸಿ ನುಡಿಸಬೇಕು. ಈ ಒಂದು ನಿಯಮದಿಂದ ನಮ್ಮ ಎರಡೂವರೆ ಗಂಟೆ ಒಂದೂವರೆಗೆ ಇಳಿಯಿತು. ಮುಗಿಯುವ ಸಮಯವನ್ನು ಮೊದಲೇ ಹೇಳಿ, ಆ ಹೊತ್ತಿಗೆ ಆಂಪ್ಲಿಫೈಯರ್ ಆರಿಸಿಬಿಡಿ.

ಮನೆಯ ಅಭ್ಯಾಸಕ್ಕೆ ದಿನಕ್ಕೆ 20 ನಿಮಿಷ ಸಾಕು, ಆದರೆ ಹಾಡನ್ನು ಮೊದಲಿಂದ ಕೊನೆವರೆಗೆ ನುಡಿಸುತ್ತಾ ಕೂತರೆ ಸಾಲದು. ಬರುವ ಭಾಗವನ್ನೇ ಮತ್ತೆ ಮತ್ತೆ ನುಡಿಸಿ ಖುಷಿಪಡುವುದು ಅಭ್ಯಾಸ ಅಲ್ಲ. ತಪ್ಪುವ ಜಾಗ ಹುಡುಕಿ. ಸಾಮಾನ್ಯವಾಗಿ ಅದು ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ಕಡೆ ಇರುತ್ತದೆ: ಪಲ್ಲವಿಯಿಂದ ಚರಣಕ್ಕೆ, ಚರಣದಿಂದ ಬ್ರಿಡ್ಜಿಗೆ, ಅಥವಾ ಸ್ಕೇಲ್ ಮೇಲೆ ಹೋಗುವಲ್ಲಿ. ದಾಟುವ ಮುಂಚಿನ ಎರಡು ಬಾರ್ (ತಾಳದ ಸುತ್ತು), ದಾಟಿದ ಮೇಲಿನ ಎರಡು ಬಾರ್, ಅಷ್ಟನ್ನೇ ತೆಗೆದುಕೊಳ್ಳಿ. ಹಾಡಿನ ವೇಗ ನಿಮಿಷಕ್ಕೆ 72 ತಾಳ ಇದ್ದರೆ ತಾಳ ಹಾಕುವ ಯಂತ್ರವಾದ ಮೆಟ್ರೊನೋಮನ್ನು 50ಕ್ಕೆ ಇಡಿ. ಐದು ಸಲ ತಪ್ಪಿಲ್ಲದೆ ಬಂದ ಮೇಲೆ ನಾಲ್ಕು ನಾಲ್ಕಾಗಿ ಏರಿಸಿ. ಮಕ್ಕಳು ಮಲಗಿದ್ದರೆ ಕೀಬೋರ್ಡಿಗೆ ಹೆಡ್‌ಫೋನ್, ಡ್ರಮ್ಸಿಗೆ ಅಭ್ಯಾಸದ ರಬ್ಬರ್ ಪ್ಯಾಡ್.

ಫೋನಿನ ವಿಷಯ ಚಿಕ್ಕದು. ಟೀಮಿನ ಗ್ರೂಪನ್ನು ಸಂಜೆ ಆರರಿಂದ ಒಂಬತ್ತರವರೆಗೆ ಮ್ಯೂಟ್ ಮಾಡಿ, ಹಾಗೆ ಮಾಡಿದ್ದೀನಿ ಅಂತ ಟೀಮಿಗೆ ಹೇಳಿ. ಅಷ್ಟೇ.

5. ಗಿಟಾರನ್ನು ಬ್ಯಾಗಿನಿಂದ ಹೊರಗಿಡಿ

ಮಗ ಟಾಟಾ ಮಾಡಿದ ಆ ವಾರವೇ ಗೋಡೆಗೆ ಒಂದು ಕೊಕ್ಕೆ ಹೊಡೆದು ಗಿಟಾರನ್ನು ಹಾಲಿನಲ್ಲಿ ತೂಗುಹಾಕಿದೆ. ಜಿಪ್ ಸದ್ದು ನಿಂತಿತು. ಕುಟುಂಬ ಪ್ರಾರ್ಥನೆಗೆ ಕೂತಾಗ ಕೈ ಚಾಚಿದರೆ ಸಿಗುತ್ತಿತ್ತು. ಮೊದಲ ಕೆಲವು ದಿನ ಮಗ ತಂತಿಯ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸುತ್ತಿದ್ದ. ತಡೆಯಲಿಲ್ಲ. ಆಮೇಲೆ ಅಂಗೈ ತೆಗೆದು ಒಂದೊಂದೇ ತಂತಿ ಮೀಟತೊಡಗಿದ.

ಮನೆಯ ಆರಾಧನೆ ಹತ್ತು ನಿಮಿಷ ಇದ್ದರೆ ಸಾಕು. ಎರಡು ಹಾಡು, ಬೈಬಲ್ಲಿನ ಒಂದು ಚಿಕ್ಕ ವಾಕ್ಯ, ಒಬ್ಬರ ಪ್ರಾರ್ಥನೆ. ವಾರಕ್ಕೆ ನಾಲ್ಕು ದಿನ ನಡೆದರೆ ದೊಡ್ಡದು. ಒಂದು ಹಾಡು ಮಕ್ಕಳೇ ಆರಿಸಲಿ. ಒಂದೇ ಹಾಡನ್ನು ಮೂರು ತಿಂಗಳು ಆರಿಸಿದರೂ ಹಾಡಿ.

ಸ್ಕೇಲ್ ವಿಷಯದಲ್ಲಿ ಬಹಳ ಅಪ್ಪಂದಿರು ಎಡವುತ್ತಾರೆ. ಚಿಕ್ಕ ಮಕ್ಕಳ ಧ್ವನಿ ಆರಾಮಾಗಿ ಓಡಾಡುವುದು ಪಿಯಾನೋದ ನಡುವಿನ ಸಿ ಇಂದ ಅದರ ಮೇಲಿನ ಸಿ ವರೆಗೆ, ಸುಮಾರು ಒಂದು ಆಕ್ಟೇವ್. ಅಪ್ಪನ ಧ್ವನಿಗೆ ಕೂತ ಸ್ಕೇಲಿನಲ್ಲಿ ಶುರು ಮಾಡಿದರೆ ಹಾಡಿನ ಅರ್ಧ ಅವರಿಗೆ ತೀರಾ ಕೆಳಗೆ ಹೋಗುತ್ತದೆ, ಇಲ್ಲವೇ ತೀರಾ ಮೇಲೆ. ಆಗ ಮಕ್ಕಳು ಕಿರುಚುತ್ತಾರೆ, ಅಥವಾ ಸುಮ್ಮನಾಗುತ್ತಾರೆ. ಹಾಡುವ ಆಸಕ್ತಿ ಇಲ್ಲ ಅಂತ ನಾವು ತಪ್ಪು ತಿಳಿಯುತ್ತೇವೆ. ಹಾಡಿನ ಅತಿ ಎತ್ತರದ ಸ್ವರ ಮೇಲಿನ ಸಿ ಅಥವಾ ಡಿ ದಾಟದ ಹಾಗೆ ಸ್ಕೇಲ್ ಇಡಿ. ಗಿಟಾರಿನ ಕುತ್ತಿಗೆಗೆ ಹಾಕುವ ಕ್ಲಿಪ್ಪು, ಅಂದರೆ ಕೇಪೋ, ಒಂದು ಫ್ರೆಟ್ ಮೇಲಕ್ಕೆ ಸರಿದರೆ ಅರ್ಧ ಸ್ವರ ಏರುತ್ತದೆ, ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದೆ. ನಿಮ್ಮ ಧ್ವನಿಗೆ ಕಷ್ಟವಾದರೆ ನೀವು ಮೆಲ್ಲಗೆ ಹಾಡಿ.

ಮತ್ತು ಇಲ್ಲಿ ತಿದ್ದಬೇಡಿ. ಒಂದು ಸಂಜೆ ನಾನು ಮಗಳ ತಾಳ ಸರಿ ಮಾಡಲು ಹೋದೆ. ಅವಳು ನಿಲ್ಲಿಸಿ, "ಅಪ್ಪಾ, ಇದು ಪ್ರಾಕ್ಟೀಸಾ, ಪ್ರಾರ್ಥನೆಯಾ?" ಅಂತ ಕೇಳಿದಳು. ಆರು ವರ್ಷದ ಹುಡುಗಿ. ಅಂದಿನಿಂದ ಆ ಹತ್ತು ನಿಮಿಷದಲ್ಲಿ ಯಾರ ಶ್ರುತಿಯನ್ನೂ ಯಾರೂ ತಿದ್ದುವುದಿಲ್ಲ. ವಾದ್ಯ ಕಲಿಸುವ ಆಸೆ ಇದ್ದರೆ ಅದಕ್ಕೆ ಬೇರೆ ಹೊತ್ತು ಇಡಿ. ಜರ್ಮನಿಯ ಸಂಗೀತಗಾರ ಬಾಖ್ ತನ್ನ ದೊಡ್ಡ ಮಗನಿಗೆ ಒಂಬತ್ತು ವರ್ಷ ಇದ್ದಾಗ, 1720ರಲ್ಲಿ, ಕೀಬೋರ್ಡ್ ಪಾಠದ ಪುಸ್ತಕವೊಂದನ್ನು ತನ್ನ ಕೈಯಾರೆ ಬರೆಯಲು ಶುರುಮಾಡಿದ. ಅಷ್ಟು ದೊಡ್ಡ ಸಂಗೀತಗಾರ ಮಗನ ಬೆರಳಿಗೆ ಹೊಂದುವ ಚಿಕ್ಕ ಚಿಕ್ಕ ಪಾಠ ಬರೆದ. ನಾವೂ ನಾಲ್ಕು ಕಾರ್ಡ್ ಬರೆದುಕೊಡಬಹುದು.

6. ಮಕ್ಕಳನ್ನು ಪ್ರಾಕ್ಟೀಸಿಗೆ ಕರೆದೊಯ್ಯುವಾಗ

ಕರೆದೊಯ್ಯಿರಿ, ಆದರೆ ಕಿವಿ ನೋಡಿಕೊಳ್ಳಿ. ದೊಡ್ಡವರ ಕೆಲಸದ ಜಾಗಕ್ಕೆ ಇರುವ ಒಂದು ಪ್ರಮುಖ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಆಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಮುಚ್ಚಿದ ಕೋಣೆಯಲ್ಲಿ ಡ್ರಮ್ಸ್ ಪಕ್ಕ ಈ ಮಟ್ಟ ಸುಲಭವಾಗಿ ಬರುತ್ತದೆ. ಮಗುವಿಗೆ ಕಿವಿ ಮುಚ್ಚುವ ಇಯರ್ ಮಫ್ ಕೊಡಿ, ಸ್ಪೀಕರ್ ಮುಂದೆ ಕೂರಿಸಬೇಡಿ.

ನಿದ್ದೆಯೂ ಅಷ್ಟೇ ಮುಖ್ಯ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಮಾರನೆಯ ದಿನ ಶಾಲೆ ಇದ್ದರೆ ರಾತ್ರಿ ಹತ್ತರ ಪ್ರಾಕ್ಟೀಸಿಗೆ ಅವರು ಬೇಡ.

ವೇದಿಕೆ ಹತ್ತಿಸುವ ಆತುರ ಬೇಡ. ವರ್ಷಿಪ್ ಲೀಡರ್ ಮಗ ಅಂದ ಮೇಲೆ ಹಾಡಲೇಬೇಕು ಅಂತ ಸಭೆಯವರು ಪ್ರೀತಿಯಿಂದಲೇ ಒತ್ತಾಯ ಮಾಡುತ್ತಾರೆ. ಅಲ್ಲಿ ಅಡ್ಡ ನಿಲ್ಲಬೇಕಾದವರು ನಾವು. ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದ 16ನೇ ವಚನ ಕೀರ್ತನೆ, ಸಂಗೀತ, ಆತ್ಮಸಂಬಂಧವಾದ ಹಾಡುಗಳ ಬಗ್ಗೆ. ಅದನ್ನು ನಮ್ಮ ಪ್ರಾಕ್ಟೀಸ್ ಕೋಣೆಯ ಗೋಡೆಗೆ ಅಂಟಿಸಿದ್ದೆವು. ಐದೇ ವಚನ ಮುಂದೆ, 21ರಲ್ಲಿ, ತಂದೆಗಳೇ ನಿಮ್ಮ ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಗ್ಗೀತು ಅನ್ನುವ ಮಾತಿದೆ. ಈಗ ಎರಡನ್ನೂ ಅಂಟಿಸಿದ್ದೇವೆ. ನನ್ನ ಮಗಳಿಗೆ ಹಾಡು ಇಷ್ಟ, ಮಗನಿಗೆ ಪ್ರೊಜೆಕ್ಟರಿನಲ್ಲಿ ಸಾಲು ಬದಲಿಸುವುದು ಇಷ್ಟ. ಅವನು ಅದನ್ನೇ ಮಾಡುತ್ತಾನೆ.

7. ಕ್ರಿಸ್ಮಸ್, ಈಸ್ಟರ್

ಈ ಎರಡು ಕಾಲದಲ್ಲಿ ಲೆಕ್ಕ ತಪ್ಪುತ್ತದೆ, ತಪ್ಪಲಿ. ಆದರೆ ಹಬ್ಬದ ಪ್ರಾಕ್ಟೀಸ್ ದಿನಗಳನ್ನು ಗುರುತು ಹಾಕುವಾಗಲೇ ಹಬ್ಬದ ನಂತರದ ಒಂದು ಪೂರ್ತಿ ವಾರವನ್ನು ಮನೆಗೆ ಅಂತ ಗುರುತು ಹಾಕಿ. ಹಬ್ಬ ಆದಮೇಲೆ ನೋಡೋಣ ಅಂದರೆ ಆ ವಾರ ಬರುವುದೇ ಇಲ್ಲ.

8. ಆಗಲೇ ದೂರ ಆಗಿದ್ದರೆ

ಮಕ್ಕಳು ದೊಡ್ಡವರಾಗಿ, ಸಭೆ ಅಂದರೆ ಮುಖ ತಿರುಗಿಸುವ ಹಂತಕ್ಕೆ ಬಂದಿರಬಹುದು. ಮೊದಲು ಕ್ಷಮೆ ಕೇಳಿ. "ನಾನು ಬ್ಯುಸಿ ಇದ್ದೆ, ಆದರೆ" ಅಂತ ಶುರು ಮಾಡಬೇಡಿ. "ನಿನ್ನ ಶಾಲೆಯ ಕಾರ್ಯಕ್ರಮಕ್ಕೆ ನಾನು ಬರಲಿಲ್ಲ, ಅವತ್ತು ಪ್ರಾಕ್ಟೀಸಿಗೆ ಹೋಗಿದ್ದೆ, ಅದು ನನ್ನ ತಪ್ಪು" ಅಂತ ಆ ದಿನವನ್ನೇ ಹೇಳಿ. ಉತ್ತರಕ್ಕೆ ಒತ್ತಾಯ ಮಾಡಬೇಡಿ. ಆಮೇಲೆ ಮೂರು ತಿಂಗಳು ವೇದಿಕೆಯಿಂದ ಇಳಿಯಿರಿ. ಸಭೆಗೆ ಕಾರಣ ವಿವರಿಸಬೇಕಾಗಿಲ್ಲ, ಪಾಸ್ಟರಿಗೆ ಗೊತ್ತಿದ್ದರೆ ಸಾಕು. ಆ ಗಂಟೆಗಳಲ್ಲಿ ಮಗು ಕರೆದಲ್ಲಿಗೆ ಹೋಗಿ.

ಇನ್ನು ಏನೂ ಆಗಲ್ಲ ಅನ್ನಿಸಿದಾಗ ನಾನು ಒಂದು ವಂಶಾವಳಿ ಓದುತ್ತೇನೆ. ಸಮುವೇಲ ಊರೂರು ಸುತ್ತಿ ಇಸ್ರಾಯೇಲ್ಯರ ಸೇವೆ ಮಾಡಿದವನು. ಅವನ ಮಕ್ಕಳು ತಂದೆಯ ದಾರಿಯಲ್ಲಿ ನಡೆಯಲಿಲ್ಲ, ಲಂಚ ತೆಗೆದುಕೊಂಡರು, ಅಂತ 1 ಸಮುವೇಲ 8ರಲ್ಲಿದೆ. ಅವರಲ್ಲಿ ಹಿರಿಯವನ ಹೆಸರು ಯೋವೇಲ. 1 ಪೂರ್ವಕಾಲವೃತ್ತಾಂತ 6:33ಕ್ಕೆ ಬಂದರೆ ಗಾಯಕನಾದ ಹೇಮಾನ ಯಾರು ಅಂತ ಗೊತ್ತಾಗುತ್ತದೆ. ಯೋವೇಲನ ಮಗ, ಸಮುವೇಲನ ಮೊಮ್ಮಗ. ಹದಿನೇಳು ಮಕ್ಕಳ ತಂದೆಯಾಗಿ ದೇವಾಲಯದಲ್ಲಿ ಹಾಡಿದ ಅದೇ ಹೇಮಾನ.

9. ನಿಮ್ಮ ಜಾಗಕ್ಕೆ ಒಬ್ಬರನ್ನು ತಯಾರು ಮಾಡಿ

ಇದನ್ನು ಇಂದೇ ಶುರು ಮಾಡಬೇಕು, ಯಾಕೆಂದರೆ ಒಂದು ವರ್ಷ ಹಿಡಿಯುತ್ತದೆ. ಮೊದಲ ಮೂರು ತಿಂಗಳು ಅವರು ಒಂದು ಹಾಡು ನಡೆಸಲಿ. ಆಮೇಲೆ ಎರಡು. ಆರನೇ ತಿಂಗಳಲ್ಲಿ ಹಾಡಿನ ಪಟ್ಟಿಯನ್ನೂ ಅವರೇ ಮಾಡಲಿ, ನೀವು ನೋಡಿ ಕೊಡಿ. ಒಂಬತ್ತನೇ ತಿಂಗಳಲ್ಲಿ ಇಡೀ ಭಾನುವಾರ ಅವರದು, ನೀವು ಕುಟುಂಬದ ಜೊತೆ ಕೆಳಗೆ. ಅವರು ತಪ್ಪಿದಾಗ ಮೇಲೆ ಓಡಬೇಡಿ.

ಅರಣ್ಯಕಾಂಡ 8ರ ಪ್ರಕಾರ, ಆರಾಧನೆಯ ಸೇವೆಗೆ ನೇಮಕವಾದ ಕುಲದವರಾದ ಲೇವಿಯರು 25 ವರ್ಷಕ್ಕೆ ಸೇವೆಗೆ ಸೇರುತ್ತಿದ್ದರು, 50ಕ್ಕೆ ಆ ಕೆಲಸದಿಂದ ಬಿಡುಗಡೆ. ಅದಾದ ಮೇಲೆ ತಮ್ಮ ಸಹೋದರರಿಗೆ ನೆರವಾಗಬಹುದಿತ್ತು. ನನ್ನ ಕಾರ್ಡ್ಸ್ ಫೈಲಿನಲ್ಲಿ 140 ಹಾಡುಗಳಿವೆ, ಒಂದೊಂದರ ಮೂಲೆಯಲ್ಲೂ ಸ್ಕೇಲ್, ವೇಗ, ಯಾರು ಶುರು ಮಾಡಬೇಕು ಅಂತ ಪೆನ್ಸಿಲಿನಲ್ಲಿ ಬರೆದಿದೆ. ಕಳೆದ ತಿಂಗಳು ಅದರ ಒಂದು ಪ್ರತಿ ತೆಗೆಸಿ ನಮ್ಮ ಕೀಬೋರ್ಡ್ ನುಡಿಸುವ ಹುಡುಗನಿಗೆ ಕೊಟ್ಟೆ. ಅವನಿಗೆ ಹೋದ ವರ್ಷ ಮಗು ಹುಟ್ಟಿದೆ. ಅದಕ್ಕೇ ಫೈಲಿನ ಮೊದಲ ಪುಟದಲ್ಲಿ ಹಾಡಿನ ಪಟ್ಟಿ ಇಟ್ಟಿಲ್ಲ, ಮೂರು ತಿಂಗಳ ಸರದಿ ಪಟ್ಟಿ ಇಟ್ಟಿದ್ದೇನೆ.